ನಲವತ್ತು ಲೀಟರು

ಹೊಗೆಯ ಲೆಕ್ಕ ಬರೆಯುವುದು ನನ್ನ ಕೆಲಸ,
ಲಿಲೊಂಗ್ವೆಯ ಮೂರನೇ ಮಹಡಿಯಲ್ಲಿ.
ಲೀಟರು ಡೀಸೆಲ್ಲಿಗೆ ಎರಡೂಮುಕ್ಕಾಲು ಕಿಲೋ, ತುಸು ಕಡಿಮೆ.
ಕೂಡಿಸಿ ಮೇಲಕ್ಕೆ ಕಳಿಸುತ್ತೇನೆ.
ಅವರು ಪಕ್ಕದಲ್ಲೊಂದು ಎಲೆಯ ಚಿತ್ರ ಅಂಟಿಸಿ
ಎರಡು ಸಾವಿರದ ನಲವತ್ತಕ್ಕೆ ಸೊನ್ನೆ
ಎಂದು ಭಾಷೆ ಕೊಡುತ್ತಾರೆ.
ನನಗೆ ಆಗ ಐವತ್ತೆಂಟು.

ದೆಡ್ಜಾ ಗುಡ್ಡದ ಟವರಿನದು ಮಾತ್ರ ತಾಳೆಯಾಗಲಿಲ್ಲ:
ಜನವರಿಯಲ್ಲಿ ನಲವತ್ತು ಲೀಟರು ಹೆಚ್ಚು.
ಕಾವಲಿನವ ಕದ್ದಿರಬೇಕು, ಅಂದರು.
ಬಸ್ಸು ಹತ್ತಿ ಹೋದೆ.

ಲೈಸನ್ ಕಫಾಲೆ ಪುಸ್ತಕ ತೆರೆದ;
ಪುಟದಂಚಿಗೆಲ್ಲ ಎಣ್ಣೆಯ ಬೆರಳು.
ಜನರೇಟರಿನ ಬಿಸಿಗೆ ಒತ್ತಿಕೊಂಡು
ಅವನ ಕೋಳಿ ಕಾವಿಗೆ ಕೂತಿತ್ತು.
"ಬಿರುಗಾಳಿ, ಮೂರು ದಿನ ಕರೆಂಟಿಲ್ಲ.
ಕೆಳಗೆ ಹೆರಿಗೆ ಆಸ್ಪತ್ರೆ. ನರ್ಸು
ಮೊಬೈಲು ಬಾಯಲ್ಲಿ ಕಚ್ಚಿಕೊಂಡು, ಅದರ ಬೆಳಕಲ್ಲಿ
ಹೊಕ್ಕುಳು ಕತ್ತರಿಸಿದಳಂತೆ.
ಎರಡು ಕ್ಯಾನು ಹೊತ್ತು ಇಳಿದೆ.
ಕದ್ದದ್ದೇ, ಅಮ್ಮಾ. ಬರೆದೂ ಇಟ್ಟಿದ್ದೇನೆ."

ನಮ್ಮ ವರದಿಗೆ ಮೂರು ಖಾನೆ:
ನಾವೇ ಸುಟ್ಟದ್ದು, ಕೊಂಡ ಕರೆಂಟಿನದು,
ನಮ್ಮಿಂದಾಗಿ ಬೇರೆಯವರು ಸುಟ್ಟದ್ದು.
ತುಂಬ ಹೊತ್ತು ಪೆನ್ನು ಹಿಡಿದು ಕೂತೆ.
ಮೊದಲನೆಯದಕ್ಕೇ ಹಾಕಿದೆ, ನೂರೇಳು ಕಿಲೋ.
ಕಂಪನಿಯ ಹೆಸರಲ್ಲೇ ಇರಲಿ.

ಬರುವ ವರ್ಷ ಗುಡ್ಡಕ್ಕೆ ಸೋಲಾರ್ ಬರುತ್ತದೆ,
ಸಹಿಯಾಗಿದೆ. ಬರಲಿ. ಶೀರೆ ನದಿ ಉಕ್ಕಿ
ತಂಗಿಯ ಮನೆಯನ್ನು ಬಾಗಿಲ ಸಮೇತ
ಒಯ್ದದ್ದನ್ನು ಕಂಡವಳು, ಬೇಡವೆನ್ನುವುದು ಹೇಗೆ?
ಕಾವಲಿನವನ ಗತಿಯೇನು ಎಂದು ಬರೆದ ಪತ್ರಕ್ಕೆ
ಇನ್ನೂ ಉತ್ತರವಿಲ್ಲ.

ಅವನೇನೂ ಅದನ್ನು ಕೇಳಲಿಲ್ಲ.
ನಾನು ಇಳಿಯುವಾಗ ಬೇಲಿಯವರೆಗೆ ಬಂದು,
"ಆ ಬಿಸಿಲಿನ ಹಲಗೆ
ರಾತ್ರಿಯೂ ಬೆಚ್ಚಗಿರುತ್ತದಾ?" ಅಂದ.
ಕೋಳಿಗಾಗಿ.