ಕಂಡೂ ಕಾಣದ ಹದಿಮೂರು ಸೆಕೆಂಡು

ಪುಂತಾ ಅರೇನಾಸ್‌ನಲ್ಲಿ ಗಾಳಿಯ ದಿನಗಳಿಗೆಂದು
ಬೀದಿಯ ಬದಿಗೆ ಹಗ್ಗ ಕಟ್ಟಿರುತ್ತಾರೆ, ಹಿಡಿದು ನಡೆಯಲಿಕ್ಕೆ.
ಹ್ಯಾಂಗರಿನೊಳಗೆ ನಮಗೆ ಹಗ್ಗವಿಲ್ಲ.
ಕಾಗದವಿದೆ: ನಾಲ್ಕು ಪುಟ, ಒಂದು ಸಂಖ್ಯೆ, ಒಂದು ಕೊನೆಯ ದಿನಾಂಕ.
ಅಷ್ಟರೊಳಗೆ ಹೊಸ ಸಾಫ್ಟ್‌ವೇರ್ ತುಂಬದ ವಿಮಾನ
ನೆಲ ಬಿಡಕೂಡದು.

ಎರಡನೆಯ ಪುಟದಲ್ಲಿ ದೋಷದ ವಿವರ,
ನಡುವೆಲ್ಲೂ ಉಸಿರು ಬಿಡದ ಕಾನೂನಿನ ವಾಕ್ಯ.
ಮೂರು ಸಲ ಓದಿ, ಕೆಲಸ ಕಲಿಯುವ ಹುಡುಗ ನಹುಯೆಲ್‌ಗೆ
ಹೀಗೆ ಬಿಡಿಸಿ ಹೇಳಿದೆ:
ಈ ಪೆಟ್ಟಿಗೆ ಸುತ್ತಲಿನ ವಿಮಾನಗಳನ್ನು ಕೂಗಿ ಕೇಳುತ್ತದೆ,
ಯಾರು ನೀನು, ಎಷ್ಟು ಎತ್ತರದಲ್ಲಿದ್ದೀ?
ಅವು ಓಗೊಡುತ್ತವೆ, ಇದು ಬರೆದಿಟ್ಟುಕೊಳ್ಳುತ್ತದೆ.
ಸಂತೆಯಂತೆ ನೆರೆದಾಗ ಮಾತ್ರ, ಯಾವಾಗಲೋ ಒಮ್ಮೆ,
ಒಬ್ಬನ ಉತ್ತರ ಕೇಳಿಸಿಕೊಂಡೂ
ಅವನ ಹೆಸರನ್ನು ಪಟ್ಟಿಯಿಂದ ಜಾರಿಸಿಬಿಡುತ್ತದೆ.
ಹದಿಮೂರು ಸೆಕೆಂಡು.
ಆಮೇಲೆ ಏನೂ ಆಗಿಲ್ಲವೆಂಬಂತೆ
ಚುಕ್ಕಿ ಮತ್ತೆ ಪರದೆಯ ಮೇಲೆ.

‘ಕುರುಡೇ?’ ಎಂದ ಹುಡುಗ.
ಅಲ್ಲ ಮಾರಾಯ, ಕುರುಡಾಗಿದ್ದರೆ ಚೆನ್ನಾಗಿತ್ತು.
ಕುರುಡು ಪೆಟ್ಟಿಗೆ ಕೆಂಪು ದೀಪ ಹಚ್ಚಿ ಹೇಳಿಕೊಳ್ಳುತ್ತದೆ.
ಇದು ಕಂಡೂ ಕಾಣದ್ದು.

ಮಿರ್ಕೊ ಸ್ಲಾವಿಚ್ ಬಂದ,
ಸೋರೆಬುರುಡೆಯ ಯೆರ್ಬಾ ಕಷಾಯ ಹೀರುತ್ತ.
ಮೂವತ್ತೊಂದು ವರ್ಷ ಈ ಜಲಸಂಧಿ ದಾಟಿದವನು,
ಔಷಧಿ, ಟಪಾಲು, ಕುರಿ ಡಾಕ್ಟರು,
ಒಮ್ಮೆ ಹೆರಿಗೆ ನೋವಿನ ಹೆಂಗಸನ್ನು ಹೊತ್ತು.
‘ಎಲ್ಲಿದೆಯಮ್ಮ ಸಂತೆ?’ ಎಂದು ಬಾಗಿಲಾಚೆ ಕೈ ತೋರಿಸಿದ.
ಬಾಗಿಲಾಚೆ ರಾತ್ರಿ ಹತ್ತಾದರೂ ಆರದ ಬೆಳಕು,
ಒಂದು ಹದ್ದೂ ಇಲ್ಲ.
‘ವಾರಕ್ಕೆ ನನಗೆ ಎದುರಾಗುವುದು ಇಬ್ಬರು.
ಅವರಲ್ಲೊಬ್ಬ ನನ್ನ ಅಳಿಯ.
ಅವನನ್ನು ಹದಿಮೂರು ಸೆಕೆಂಡು ಮರೆಯುವುದು
ನನಗೆ ಸಂತೋಷವೇ.’

ನಕ್ಕೆವು. ನಗುತ್ತಲೇ ಕೇಬಲ್ ಸಿಕ್ಕಿಸಿದೆ.
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ,
ಏಪ್ರಿಲ್‌ನಲ್ಲಿ ಈ ವಿಮಾನ ದೊಡ್ಡ ತಪಾಸಣೆಗೆ
ಸಾಂತಿಯಾಗೊ ತನಕ ಹೋಗಬೇಕು,
ಅಲ್ಲಿಯ ಸಂಜೆಯ ಆಕಾಶ ನೋಡಿದ್ದೀಯಾ,
ಎನ್ನಬಹುದಿತ್ತು. ಎನ್ನಲಿಲ್ಲ.
ಕಾರಣ ಹೇಳುತ್ತ ಕೂತರೆ ಆದೇಶ ಕೋರಿಕೆಯಾಗುತ್ತದೆ.

ಶೇಕಡಾ ಎಂಟು. ಹನ್ನೊಂದು.
ತಗಡಿನ ಮಾಡು ಕಿತ್ತುಕೊಂಡು ಹೋಗುವ ಹಾಗೆ ಗಾಳಿ.
ಮೂವತ್ತೊಂಬತ್ತಕ್ಕೆ ದೀಪಗಳು ರೆಪ್ಪೆ ಬಡಿದವು,
ಎಲ್ಲ ನಿಂತಿತು.
ಈಗ ಪೆಟ್ಟಿಗೆಯೊಳಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ.
ಮೊದಲಿಂದ.

ಕಾಯುತ್ತ ಯೋಚಿಸಿದೆ: ಆ ಹದಿಮೂರನ್ನು ಎಣಿಸಿದವರು ಯಾರು?
ಎಲ್ಲೋ ಒಬ್ಬಳು, ಹಳೆಯ ದಾಖಲೆ ತಿರುವುತ್ತ,
ಒಂದು ಚುಕ್ಕಿ ಇರಬೇಕಾದಲ್ಲಿ ಇಲ್ಲವೆಂದು
ಊಟ ಬಿಟ್ಟು ಎದ್ದಿರಬೇಕು.
ಯಾರೂ ಸಾಯದೆ ಬಂದ ಆದೇಶವಿದು.
ನನ್ನ ಕಪಾಟಿನಲ್ಲಿ ಅಂಥವು ಕಡಿಮೆ.
ಉಳಿದವುಗಳ ಮೊದಲ ಪುಟ ಕೆರೆದರೆ
ಒಂದು ಹೊಲ, ಚೂರುಗಳು,
ಬೂಟುಗಳ ಲೆಕ್ಕ.

ನೂರು.

ಪರೀಕ್ಷೆಯ ಯಂತ್ರ ಇಲ್ಲದ ವಿಮಾನಗಳನ್ನು ಹುಟ್ಟಿಸಿತು,
ಮೂವತ್ತು, ನಲವತ್ತು,
ನಮ್ಮ ಖಾಲಿ ಆಕಾಶ ಕಂಡರಿಯದ ಜಾತ್ರೆ.
ಅದರಲ್ಲೊಂದು ನೇರ ನಮ್ಮತ್ತ ತಿರುಗಿತು.
ನಹುಯೆಲ್ ಬೆರಳು ಮಡಚುತ್ತ ಎಣಿಸಿದ.
ಮಿರ್ಕೊ ಹೀರುವುದನ್ನು ನಿಲ್ಲಿಸಿದ್ದ.
ಅವನ ತುಟಿಯೂ ಆಡುತ್ತಿತ್ತು,
ಅಜ್ಜಿಯ ಕ್ರೊಯೇಷಿಯನ್‌ನಲ್ಲಿ, ಒಂದರಿಂದ.
ಹತ್ತು. ಹನ್ನೆರಡು.
ಹದಿನಾಲ್ಕು. ಚುಕ್ಕಿ ಅಲ್ಲೇ ಇತ್ತು.
‘ಟ್ರಾಫಿಕ್, ಟ್ರಾಫಿಕ್’ ಎಂದು ಖಾಲಿ ಕಾಕ್‌ಪಿಟ್ ಕೂಗಿತು.

ಪುಸ್ತಕದಲ್ಲಿ ಸಮಯ ಬರೆದು ಸಹಿ ಹಾಕಿದೆ.
ಬಾಗಿಲ ತನಕ ಹೋದವನು ಅಲ್ಲೇ ನಿಂತ,
ಟೋಪಿ ಗಾಳಿಗೆ ಹಾರದಂತೆ ಒತ್ತಿ ಹಿಡಿದು.
‘ಅಳಿಯನ ವಿಮಾನದ್ದು ಯಾವತ್ತು?’
ಗುರುವಾರ, ಎಂದೆ.
‘ನಾಳೆ ಮಾಡು.’