ತಿದ್ದುಪಡಿ

ಉದಗೀರ ಬಸ್ಸಿನ ಸೀಟಿನ ಕೆಳಗೆ
ಜೋಳದ ಹಿಟ್ಟು ಮೆತ್ತಿಕೊಂಡು ಬಂತು
ಈ ತಿಂಗಳ ಪತ್ರಿಕೆಯ ಕಟ್ಟು.

ಪೂಜೆ ಮುಗಿದಿತ್ತು. ಭಾಲ್ಕಿಯ ಬಿಸಿಲು
ಚರ್ಚಿನ ಮೂರನೇ ಮೆಟ್ಟಿಲ ತನಕ ಏರಿತ್ತು.
ತುಕ್ಕಮ್ಮಜ್ಜಿ ಎಂದಿನಂತೆ
"ಹಿಂದಿನಿಂದ ಓದವ್ವಾ" ಅಂದಳು.
ಮೊದಲ ಪುಟಕ್ಕೆ ಪೋಪರ ಪತ್ರ,
ನಡುವೆ ಹೊಸ ಪುಸ್ತಕದ ಸುದ್ದಿ, ಬೆಲೆ ನಲವತ್ತು.
ಅವಳಿಗೆ ಬೇಕಾದವರು ಸತ್ತವರು.
ಹೆಸರಿಗೊಂದು ಶಿಲುಬೆಯ ಗುರುತು
ಎದೆಯ ಮೇಲೆ ಹಾಕಿಕೊಳ್ಳುವಳು,
ಗೊತ್ತಿಲ್ಲದವರಿಗೆ ತುಸು ನಿಧಾನ.

ಹುಮನಾಬಾದಿನ ಸಿಮಿಯೋನಪ್ಪ.
ಚಿಟಗುಪ್ಪದ ಬಾಣಂತಿ ಮಾರ್ಥಾ.
ಆಮೇಲೆ ನನ್ನ ನಾಲಿಗೆ ನಿಂತಿತು:
ತುಕ್ಕಮ್ಮ, ಭಾಲ್ಕಿ.

ಹರಾಜಿಗೆ ಹುಂಜ ಕೊಟ್ಟವರ ಸಾಲು
ಜಾರಿ ಕೆಳಗಿಳಿದಿತ್ತು, ಅಷ್ಟೆ.
ಪಟ್ಟಿ ಬರೆದು ಕಳಿಸಿದವಳು ನಾನೇ.

"ಯಾಕ ನಿಂತಿ? ಓದು."
ಓದಿದೆ.
ಅವಳ ಕೈ ಹಣೆಗೆ ಹೋಯಿತು, ಎದೆಗೆ ಬಂತು,
ಎಡಭುಜ, ಬಲಭುಜ,
ಗೊತ್ತಿಲ್ಲದವರಿಗೆ ಹಾಕುವಷ್ಟೇ ನಿಧಾನ.

"ಮುಂದಿನ ತಿಂಗಳು ತಿದ್ದುಪಡಿ ಬರ್ತದಜ್ಜಿ."
ಹಾಳೆಯ ಹಿಟ್ಟು ಸೆರಗಿನಿಂದ ಒರೆಸಿದಳು.
"ಹಂಗಾದ್ರ ಅಲ್ಲೀತನಕ ಇರಬೇಕಾತು.
ಆ ಹೊಸ ಪುಸ್ತಕ ಒಂದು ತರ್ಸು, ಓದಾಕ ನೀ ಇದ್ದಿ.
ರೊಕ್ಕ ಹುಂಜದ ಲೆಕ್ಕದಾಗ ಹಿಡಿ."