ತಗದಾಂವ ನಾ

ಬನಹಟ್ಟ್ಯಾಗ ಅಮಾಸಿಗೆ ಮಗ್ಗ ನಿಲ್ಲತಾವು.
ಅವತ್ತ ರಾತ್ರಿ ನಮ್ಮ ನಾಟಕ.
ಪರದೆ ಸಂದ್ಯಾಗ, ಬೋರಲ ಹಾಕಿದ ಡಬ್ಬಿ ಮ್ಯಾಲೆ ನಾ ಕುಂತಿರತೀನಿ,
ಬ್ಯಾಟರಿಗೆ ಕೆಂಪು ಕಾಗದ ಸುತ್ತಿ,
ತೊಡಿ ಮ್ಯಾಲೆ ನೂರಾಹನ್ನೆರಡು ಹಾಳಿ ವಹಿ.
ಹಗಲಿ ಕಂಡಿಕಿ ಸುತ್ತಾಕಿ, ರಾತ್ರಿ ಮಾತು ಕೊಡಾಕಿ.

ನಾಟಕ ಬರದಾಂವ ಸಾಲಿ ಮಾಸ್ತರ, ಈಗಿಲ್ಲ.
ಮಂತ್ರಿಗೆ ಪುಸ್ತಕದ ಕನ್ನಡ ಕೊಟ್ಟಾನ,
ದಳವಾಯಿಗೆ ನಮ್ಮದು.
"ಪ್ರಭುಗಳೇ, ಕೋಟೆಯ ಬಾಗಿಲು ತೆರೆಯಲ್ಪಟ್ಟಿದೆ;
ದಳವಾಯಿಗಳು ಇರುಳು ಅಲ್ಲಿ ಸುಳಿದಾಡುತ್ತಿದ್ದರಂತೆ."
ಯಾರು ತಗದ್ರು? ಯಾರು ಕಂಡ್ರು?
ಹುಡುಕಿದ್ರ ಆ ಎರಡು ಸಾಲಿನ್ಯಾಗ ಒಬ್ಬ ಮನಷ್ಯಾ ಸಿಗೂದಿಲ್ಲ.
'ಪಟ್ಟಿದೆ' ಹಿಂದ ಕೈ ಮುಚ್ಚಿಟ್ಟಾನ,
'ಅಂತೆ' ಹಿಂದ ಕಣ್ಣು.
ಇಪ್ಪತ್ತಮೂರು ವರ್ಷಾತು,
ಯಾರು ಮಂತ್ರಿ ಆದ್ರೂ ನಾ ಮಾತು ಕೊಟ್ಟಿಲ್ಲ.
ಎಣ್ಣಿ ಕಂಡ ಲಾಳಿ ಹಂಗ ಓಡತೈತಿ ಆ ಸುಳ್ಳು.

ನಿಲ್ಲಾಂವ ದಳವಾಯಿ.
ಅವಂದು ತುಂಡು ಮಾತು, ಕೊನಿಗೊಂದು ಗಂಟು:
ಹೋಗಿದ್ದೆ, ನಾ. ನೋಡೀನಿ, ನಾ.
ಐದನೇ ಅಂಕದಾಗ ಕುತ್ತಿಗಿಗೆ ಕತ್ತಿ ಬಂದಿರತೈತಿ,
ಇಲ್ಲ ಅಂದ್ರ ಉಳೀತಾನ,
ಆದ್ರ ಅಂತಾನ:
"ಹಸದ ಮಂದಿ ಹೊರಗಿತ್ತು. ಬಾಗಲಾ ತಗದಾಂವ ನಾ."

ಈ ಸಲ ಮಂತ್ರಿ ಮುರಿಗೆಪ್ಪ.
ವೇಷ ಕಳಚಿದ್ರ ಚಾ ಕೇಳಾಕೂ ತೊದಲ್ತಾನ.
ದಳವಾಯಿ ದುಂಡಪ್ಪ, ಊರಾಗ ನಾಕ್ ಮಂದಿ ನ್ಯಾಯ ಹೇಳಾಂವ.

ಅಮಾಸಿ ಮುಂಜಾನಿ ಡ್ರೆಸ್ಸಿನ ಬಾಡಿಗಿ ರೊಕ್ಕ,
ಹನ್ನೊಂದು ಸಾವಿರ, ತಗಡಿನ ಪೆಟಗ್ಯಾಗ ಇದ್ದಿಲ್ಲ.
ದುಂಡಪ್ಪ ಅಂದ:
"ಪೆಟಗಿ ತಗದಿತ್ತು.
ಪರದೆ ಕಟ್ಟೂ ಹುಡುಗ ಅಲ್ಲೇ ಇದ್ದನಂತ."
ನನ್ನ ಕೈಯಾಗಿನ ಚಾದ ಬಶಿ
ತುಟಿಗೆ ಹೋಗದ ನಿಂತಿತು.

ಯಮನೂರ, ಹದಿನೇಳರಾಂವ, ನೆಲ ನೋಡಲಿಲ್ಲ.
"ಇದ್ದೆ. ಬೀಡಿ ಸೇದಾಕ ಕುಂತಿದ್ದೆ ನಾ.
ರೊಕ್ಕಾನೂ ನೋಡಿದೆ. ಮುಟ್ಟಿಲ್ಲ."
ರೊಕ್ಕ ನೋಡಿದೆ ಅಂತ ಯಾಕ ಅನ್ನಬೇಕಿತ್ತು ಅಂವ?
ಕಳ್ಳ ಆಗಿದ್ರ ಅಂತಿದ್ದಿಲ್ಲ.
ಮಂದಿಗೆ ಅದೊಂದ ಮಾತು ಸಾಕಾತು.
ಮುರಿಗೆಪ್ಪ ಒಬ್ಬಾಂವ
"ಹು... ಹುಡುಗ ಅಲ್ಲ" ಅಂದ.
ನಕ್ರು. ಮಂತ್ರಿ ಮಾತು ಯಾರು ನಂಬತಾರ?

ರಾತ್ರಿ ಐದನೇ ಅಂಕ.
ದುಂಡಪ್ಪ ನಿಂತ.
ಮಾತು ಕೊಟ್ಟೆ: ತಗದಾಂವ ನಾ.
ಸುಮ್ಮನ.
ತಗದಾಂವ ನಾ.
ಪೇಟಿ ಬಾರಿಸಾಂವ ಒಂದ ಸ್ವರ ಹಿಡದು ಎಳದ.
ದುಂಡಪ್ಪನ ಮೀಸಿ ಬಣ್ಣ ಬೆವರಿಗೆ ಗದ್ದಕ್ಕ ಇಳೀತು.
ಮೂರನೇ ಸಲ ಜೋರಲೇ ಕೊಟ್ಟೆ,
ಮುಂದ ಕುಂತ ಹುಡುಗ್ರಿಗೂ ಕೇಳಿರಬೇಕು.
ಬಾಯಿ ತಗದ:
"ಬಾಗಲಾ... ತಗದಿತ್ತು."

ಕತ್ತಿ ಬಿತ್ತು. ರಾಜಾಗ ಬ್ಯಾರೆ ದಾರಿ ಇದ್ದಿಲ್ಲ.
ಮಂದಿ ಎದ್ದು ಚಪ್ಪಾಳಿ ಹೊಡೀತು,
ಎಂಥಾ ಸಂಕಟ ತೋರಿಸಿದ ಅಂತ!
ನೂರರ ನೋಟಿನ ಆಯೇರಿ, ಎದಿ ಮ್ಯಾಲೆ ಟಾಚಣಿ ಚುಚ್ಚಿ.
ಮುರಿಗೆಪ್ಪ ಮಾತ್ರ, ಹಚ್ಚಿದ ಗಡ್ಡದ ಮ್ಯಾಲಿಂದ,
ಪರದೆ ಸಂದಿ ಕಡೆ ನೋಡಿದ.
ನಾ ಬ್ಯಾಟರಿ ಆರಿಸಿದೆ.

ಮರುದಿನ ಯಮನೂರ ಸಾಂಗ್ಲಿ ಬಸ್ ಹತ್ತಿದ.
ವಹಿ ಅಂಚಿಗೆ, ಯಾವತ್ತಿನಂಗ, ತಾರೀಖು ಹಾಕಿ ಬರದೆ:
'ಪರದೆ ಹುಡುಗನನ್ನು ಕಳಿಸಲಾಯಿತು.'
ಓದಿದೆ.
ಮಂತ್ರಿ ಸಾಲಿನಂಗ ಚಂದ ಇತ್ತು.
ಹೊಡದು ಹಾಕಿ 'ಹುಡುಗ ಹೋದ' ಅಂತ ಬರದೆ.
ಅದನ್ನೂ ಹೊಡದೆ.

ಪೆನ್ಸಿಲ್ ಹಿಡಕೊಂಡು ಕುಂತೀನಿ.
ಹೊರಗ ಮಗ್ಗ ಸುರು ಆಗ್ಯಾವು, ಖಟ್ಟ ಖಟ್ಟ.
ಮುಂದಿನ ಮಾತು ಗೊತ್ತೈತಿ ನನಗ.
ಕೊಡಾಕ ನನ್ನ ಹಿಂದ ಯಾರೂ ಇಲ್ಲ.